ಅವ್ವನ ಮುಖಕ್ಕೆ ಕಾಗದದ ಬತ್ತಿ

ನನ್ನ ಕಸುಬಿಗೆ ಮುಖ್ಯವಾದದ್ದು ಪೆನ್ಸಿಲ್ ಎಂದು ನೋಡಿದವರೆಲ್ಲ ತಿಳಿದುಕೊಂಡಿದ್ದಾರೆ. ಅವರ ತಿಳುವಳಿಕೆ ಕೆಡಿಸಲು ನಾನು ಹೋಗಿಲ್ಲ. ಪೆನ್ಸಿಲ್ ಬರೀ ಗೆರೆ ಎಳೆಯುತ್ತದೆ. ಆ ಗೆರೆಯನ್ನು ಸವರಿ, ಅಲ್ಲಿ ಗೆರೆಯೇ ಇರಲಿಲ್ಲವೇನೋ ಎಂಬಂತೆ ಮಾಡಿ, ಕೆನ್ನೆಯನ್ನೋ ನೆರಳನ್ನೋ ತರುವುದು ಕಾಗದದ ಒಂದು ಸುರುಳಿ. ಅಂಗಡಿಯವರು ಅದಕ್ಕೆ ಸ್ಟಂಪ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬತ್ತಿ. ಹೆಸರಿಟ್ಟವಳು ಅವ್ವ. ನಾನು ಮೊದಲ ಸಲ ಕಾಗದ ಸುತ್ತುತ್ತ ಕೂತಾಗ ಅವಳು ಎದುರಿಗೇ ಕೂತು ದೇವರ ದೀಪಕ್ಕೆ ಹತ್ತಿ ಹೊಸೆಯುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ, ಇಷ್ಟು ದಪ್ಪನೆಯ ಬತ್ತಿ ಯಾವ ಪಣತಿಗೂ ಹಿಡಿಸುವುದಿಲ್ಲ ಎಂದು ತೀರ್ಪು ಕೊಟ್ಟಳು.

ಅಂಗಡಿಯ ಬತ್ತಿ ಗಟ್ಟಿಯಾಗಿರುತ್ತದೆ, ಎರಡೂ ತುದಿ ಚೂಪು. ಆದರೆ ಹೊಸಪೇಟೆಯಲ್ಲಿ ಅದು ಸಿಗುವುದು ಶಾಲೆಗಳು ಶುರುವಾಗುವ ಹೊತ್ತಿನಲ್ಲಿ ಮಾತ್ರ. ಜನ ಸಾಯುವುದು ವರ್ಷವಿಡೀ. ಹಾಗಾಗಿ ನನ್ನ ಬತ್ತಿಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಉಳಿದ ಖಾಲಿ ಕಾಗದದ ಚೂರು ತಂದು, ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಆಗುವಂತೆ ಕತ್ತರಿಸಿ, ಸೈಕಲ್ಲಿನ ಕಡ್ಡಿಗೆ ಬಿಗಿಯಾಗಿ ಸುತ್ತಿ ಗೋಂದು ಹಚ್ಚುತ್ತೇನೆ. ಒಣಗಿದ ಮೇಲೆ ಕಡ್ಡಿಯಿಂದಲೇ ಒಳಗಿನಿಂದ ದೂಡಿದರೆ ತುದಿ ಮೊನಚಾಗಿ ಹೊರಗೆ ಬರುತ್ತದೆ. ಬೆರಳಿನಿಂದಲೇ ಸವರಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಒಗ್ಗರಣಿ-ಮಿರ್ಚಿ ತಿಂದ ಬೆರಳಿನ ಜಿಡ್ಡು ತೀರಿಕೊಂಡವರ ಹಣೆಯ ಮೇಲೆ ಶಾಶ್ವತವಾಗಿ ಉಳಿದರೆ ಪರವಾಗಿಲ್ಲ ಎನ್ನುವವರಿಗೆ.

ಹೌದು, ನಾನು ಬರೆಯುವುದು ತೀರಿಕೊಂಡವರನ್ನು. ನಮ್ಮ ಕಡೆ ಯಾರೂ ಬರೆದಿಡದ ಒಂದು ಕಾನೂನಿದೆ. ಬದುಕಿರುವವರ ಫೋಟೊ ಕಲರಿನಲ್ಲಿರಬೇಕು, ಸತ್ತವರದು ಪೆನ್ಸಿಲಿನಲ್ಲಿ. ಕ್ಯಾಮೆರಾದ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರೆ ಅದು ಹುಟ್ಟುಹಬ್ಬದ ಫ್ಲೆಕ್ಸಿನ ಹಾಗೆ ಕಾಣುತ್ತದಂತೆ, ಪೂಜೆಗೆ ಕೂರಿಸಲು ಮನಸ್ಸು ಬರುವುದಿಲ್ಲವಂತೆ. ಇದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರ ಹೊಟ್ಟೆ ತಣ್ಣಗಿರಲಿ. ಅವರಿಂದಾಗಿಯೇ ಕಂಪ್ಲಿಯ ಅಕ್ಕಿ ಗಿರಣಿಯವರಿಂದ ಹಿಡಿದು ಎಮ್ಮಿಗನೂರಿನ ಕಬ್ಬು ಕಡಿಯುವವರವರೆಗೆ, ಮನೆಯಲ್ಲಿ ಒಂದು ಸಾವಾದರೆ ಯಾರಾದರೊಬ್ಬರು ದಿನಕರ್ಮದೊಳಗೆ ಫೋಟೊ ಬೇಕೆಂದು ನನ್ನ ಬಾಗಿಲಿಗೆ ಬರುತ್ತಾರೆ.

ಬರುವಾಗ ಆಧಾರ್ ಕಾರ್ಡು ತರುತ್ತಾರೆ. ಅದರಲ್ಲಿ ಎಲ್ಲರೂ ಆಗಲೇ ಅರ್ಧ ತೀರಿಕೊಂಡವರಂತಿರುವುದರಿಂದ ನನ್ನ ಅರ್ಧ ಕೆಲಸ ಮುಗಿದಿರುತ್ತದೆ. ಕೆಲವರು ಮದುವೆಯ ಊಟದ ಪಂಕ್ತಿಯಲ್ಲಿ ಮೊಬೈಲಿನಿಂದ ಹಿಡಿದ ಫೋಟೊ ತಂದು, ಬಾಯಲ್ಲಿರುವ ಹೋಳಿಗೆಯನ್ನು ತೆಗೆದು ತುಟಿ ಮುಚ್ಚಿಸಿಕೊಡಿ ಎನ್ನುತ್ತಾರೆ. ಇಷ್ಟಾದ ಮೇಲೆ ಹೊರಡುವಾಗ ಎಲ್ಲರೂ, ತಪ್ಪದೆ, ಒಂದೇ ಮಾತು ಹೇಳುತ್ತಾರೆ. ಅಜ್ಜಿ ಇದ್ದಂಗ ಬರೀರಿ, ಆದ್ರ ಮುಖ ಒಂಚೂರು ಸಾಪ್ ಮಾಡ್ರಿ.

ಸಾಪ್ ಮಾಡುವುದೆಂದರೆ ಬತ್ತಿ ಆಡಿಸುವುದು. ಕಣ್ಣಿನ ಕೆಳಗಿನ ಚೀಲ, ಮೂಗಿನಿಂದ ಬಾಯಿಗೆ ಇಳಿದ ಕಾಲುವೆ, ಹಣೆಯ ಮೇಲಿನ ಸಾಲುಗಳು, ಎಲ್ಲ ಬತ್ತಿಯ ಕೆಳಗೆ ಕರಗಿ ಹೋಗುತ್ತವೆ. ತೊಂಬತ್ತು ದಾಟಿದ ಮುದುಕರು ಈಗಷ್ಟೇ ಹೆಣ್ಣು ನೋಡಲು ಹೊರಟವರಂತೆ ಕಟ್ಟಿನೊಳಗೆ ಕೂರುತ್ತಾರೆ. ಮಕ್ಕಳು ಅದನ್ನು ನೋಡಿ, ಥೇಟ್ ನಮ್ಮಪ್ಪ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಆ ಅಪ್ಪ ಹಾಗಿದ್ದಾಗ ಈ ಮಕ್ಕಳು ಹುಟ್ಟಿರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಾವಿಗೆ ಅವರು ಬೇರೆಯವರ ಬಾಗಿಲಿಗೆ ಹೋಗುತ್ತಾರೆ.

ಬತ್ತಿಯ ಇನ್ನೊಂದು ಗುಣವನ್ನು ಗಿರಾಕಿಗಳಿಗೆ ತಿಳಿಸಿಲ್ಲ. ಅದನ್ನು ತೊಳೆಯುವಂತಿಲ್ಲ. ತುದಿ ತೀರಾ ಕಪ್ಪಾದರೆ ಎಮರಿ ಪೇಪರಿಗೆ ಉಜ್ಜಬಹುದು, ಆದರೆ ಕಪ್ಪಾದ ಬತ್ತಿಯೇ ಕೆನ್ನೆಯ ತೆಳು ನೆರಳಿಗೆ ಒಳ್ಳೆಯದು. ಹಾಗಾಗಿ ಕಂಪ್ಲಿಯ ಸಾಹುಕಾರರ ಮೀಸೆಯಿಂದ ಅಂಟಿದ ಪುಡಿ ಎಮ್ಮಿಗನೂರಿನ ಕೂಲಿಯಾಕೆಯ ಕೆನ್ನೆಗೆ ಇಳಿಯುತ್ತದೆ, ಅವಳ ತುರುಬಿನ ಕಪ್ಪು ಮುಂದೆ ಇನ್ಯಾವುದೋ ಮಠಕ್ಕೆ ನಡೆದುಕೊಳ್ಳುವ ಹಿರಿಯರ ಗದ್ದಕ್ಕೆ ಹೋಗುತ್ತದೆ. ಬದುಕಿದ್ದಾಗ ಒಬ್ಬರು ಇನ್ನೊಬ್ಬರ ಮನೆಯ ನೀರು ಕುಡಿಯದವರು. ಮೂವರೂ ಅವರವರ ಮನೆಯಲ್ಲಿ ಊದುಬತ್ತಿಯ ಹೊಗೆಯೊಳಗೆ ಸುಖವಾಗಿದ್ದಾರೆ, ಇಲ್ಲಿಯವರೆಗೆ ಯಾರೂ ದೂರು ತಂದಿಲ್ಲ.

ನಾನು ಹೀಗೆ ನೆಮ್ಮದಿಯಾಗಿದ್ದವನು. ನನ್ನ ತಲೆ ಕೆಡಿಸಿದ್ದು ಹಂಪಿ. ಚಳಿಗಾಲದಲ್ಲಿ ಪ್ರವಾಸಿಗರು ಬರುವ ಹೊತ್ತಿಗೆ ಭಾನುವಾರ ಅಲ್ಲಿ ಹೋಗಿ ಕೂತು ಬರೆಯುವುದು ನನ್ನ ಖಯಾಲಿ. ಒಂದು ಭಾನುವಾರ ದೋಣಿ ದಾಟುವಲ್ಲಿ ಬಾಳೆಹಣ್ಣು ಮಾರುವ ಮುದುಕಿಯೊಬ್ಬಳನ್ನು ಬರೆಯುತ್ತಿದ್ದೆ. ಗೆರೆಗಳನ್ನೆಲ್ಲ ಎಳೆದು ಮುಗಿಸಿ, ಅಭ್ಯಾಸದಂತೆ ಬತ್ತಿ ಕೈಗೆತ್ತಿಕೊಂಡೆ. ಹಿಂದೆ ನಿಂತು ನೋಡುತ್ತಿದ್ದ ಹೊರದೇಶದವನೊಬ್ಬ ನನ್ನ ಮುಂಗೈಯನ್ನೇ ಹಿಡಿದುಕೊಂಡ. ಮುಟ್ಟಬೇಡ, ಈ ಗೆರೆಗಳಲ್ಲೇ ಅವಳ ಬದುಕಿದೆ ಎಂಬರ್ಥದ ಮಾತು ಹೇಳಿ, ಚಿತ್ರವನ್ನು ಹಾಗೇ ಕೊಂಡುಕೊಂಡು ಹೋದ. ಮುದುಕಿ ಅದನ್ನು ನೋಡಿ, ಪಾಪ, ಆತಗ ಚಂದಂದು ಸಿಗಲಿಲ್ಲೇನು ಎಂದು ಕನಿಕರಪಟ್ಟಳು.

ಆವತ್ತು ಸಂಜೆ ನಾನು ಬಸ್ಸಿನಲ್ಲಿ ಮನೆಗೆ ಬಂದದ್ದು ದೊಡ್ಡ ಕಲಾವಿದನಾಗಿ. ಹೊಸಪೇಟೆ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಇಷ್ಟು ವರ್ಷ ನಾನು ಬರೆದದ್ದೆಲ್ಲ ಸುಳ್ಳು ಎಂಬ ಜ್ಞಾನೋದಯವೂ ಆಗಿತ್ತು. ಗಿರಾಕಿಗಳ ಮೇಲೆ ಈ ಜ್ಞಾನವನ್ನು ಪ್ರಯೋಗಿಸುವ ಧೈರ್ಯವಿರಲಿಲ್ಲ. ಹೊಟ್ಟೆಪಾಡಿನ ಮಾತು. ಯಾರ ಮೇಲೆ ಪ್ರಯೋಗಿಸಲಿ ಎಂದು ನಾನು ಹುಡುಕುತ್ತಿರುವಾಗಲೇ ಅವ್ವ ತಾನಾಗಿ ಬಂದು ಸಿಕ್ಕಳು.

ಅವ್ವ ಬುಕ್ಕಸಾಗರದವಳು. ಮದುವೆಯಾಗಿ ಎಮ್ಮಿಗನೂರಿಗೆ ಹೋದಳು. ಎರಡೂ ಊರಲ್ಲಿ ಭತ್ತ, ಎರಡೂ ಊರಲ್ಲಿ ನಾಟಿ. ಅಪ್ಪ ತೀರಿಕೊಂಡ ಮೇಲೆ ಹೊಸಪೇಟೆಯಲ್ಲಿ ನಮ್ಮ ಜೊತೆಗಿದ್ದಾಳೆ. ನಾನು ಬರೆಯುವ ಪ್ರತಿಯೊಬ್ಬ ಸತ್ತವರನ್ನೂ ಮೊದಲು ನೋಡುವವಳು ಅವಳೇ. ಇವರು ಯಾವ ಊರಿನವರು, ಏನಾಗಿತ್ತು, ಮಕ್ಕಳು ಹೇಗೆ ನೋಡಿಕೊಂಡರು ಎಂದೆಲ್ಲ ವಿಚಾರಿಸಿಕೊಂಡು, ಗುರುತಿದ್ದವರಾದರೆ ಎರಡು ಹನಿ ಕಣ್ಣೀರನ್ನೂ ಹಾಕುತ್ತಾಳೆ. ಒಂದು ದಿನ ಇದ್ದಕ್ಕಿದ್ದಂತೆ, ನನ್ನದೊಂದು ಬರಿ ಎಂದಳು. ನನ್ನ ಹೆಂಡತಿ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಇದ್ದವರನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆಯೇ, ಬಿಡ್ತು ಅನ್ನಿ ಎಂದಳು. ಅವ್ವ ಸೊಸೆಯ ಕಡೆ ತಿರುಗಲಿಲ್ಲ.

"ಸತ್ತಮ್ಯಾಲೆ ಬರದ್ರ ನಾ ಹೆಂಗ ನೋಡ್ಲೋ? ಊರ ಮಂದೀದೆಲ್ಲಾ ನೋಡೀನಿ. ನಂದು ನಾ ನೋಡಬಾರ್ದೇನು?"

ನನಗಂತೂ ಒಳಗೊಳಗೇ ಖುಷಿಯಾಯಿತು. ಹಂಪಿಯ ಮುದುಕಿಯ ಮುಖ ಒಂದು ಹರಟೆಯಾದರೆ ಅವ್ವನದು ಪುರಾಣ. ಬಿಸಿಲಲ್ಲಿ ಬಗ್ಗಿ ಬಗ್ಗಿ ಸಸಿ ಊರಿದ ಮುಖ, ಗೆರೆಯಿಲ್ಲದ ಜಾಗ ಹುಡುಕಿದರೂ ಸಿಗುವುದಿಲ್ಲ. ಕಿಟಕಿಯ ಹತ್ತಿರ ಕೂರಿಸಿ ಬರೆದೆ. ಬತ್ತಿಗಳ ಡಬ್ಬಿಯನ್ನು ಮುಚ್ಚಳ ಹಾಕಿ ಕಪಾಟಿನೊಳಗಿಟ್ಟೆ. ಮುಗಿಯುವವರೆಗೆ ಅವಳಿಗೆ ತೋರಿಸಲಿಲ್ಲ, ಕಲಾವಿದರು ಹಾಗೆಲ್ಲ ತೋರಿಸುವುದಿಲ್ಲವಂತೆ.

ಮುಗಿದ ದಿನ ಬೆಳಿಗ್ಗೆ ಅವ್ವನಿಗೆ ತೋರಿಸಲೆಂದು ಪಡಸಾಲೆಯ ಕುರ್ಚಿಯ ಮೇಲೆ ಬಾಗಿಲಿಗೆ ಎದುರಾಗಿ ಇಟ್ಟೆ. ಅವ್ವ ಹಿತ್ತಲಲ್ಲಿ ತಲೆಗೆ ಎರೆದುಕೊಳ್ಳುತ್ತಿದ್ದಳು. ಹೆಂಡತಿ ಮಾರ್ಕೆಟ್ಟಿನಿಂದ ಬಂದವಳು ಮಲ್ಲಿಗೆ ದಂಡೆಯನ್ನು ನಲುಗಬಾರದೆಂದು ಅದೇ ಕುರ್ಚಿಯ ಬೆನ್ನಿಗೆ ನೇತುಹಾಕಿ ಒಳಗೆ ಹೋಗಿದ್ದಳು. ಚಿತ್ರದ ಎರಡೂ ಬದಿಗೆ ಹೂವು ಇಳಿಬಿದ್ದಿತ್ತು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಗಮನಿಸಿದವನು ಸಂಡೂರಿನ ಸೋದರಮಾವ. ಅವ್ವನ ಬೆನ್ನಿಗೆ ಬಿದ್ದ ತಮ್ಮ, ಅವಳ ಒಡಹುಟ್ಟಿದವರಲ್ಲಿ ಉಳಿದವನು ಅವನೊಬ್ಬನೇ. ಮೈನ್ಸಿನಲ್ಲಿ ದುಡಿದು ರಿಟೈರ್ ಆದವನು. ಅಕ್ಕನಿಗೆ ಸೀತಾಫಲ ಇಷ್ಟವೆಂದು ಸಂಡೂರಿನ ಗುಡ್ಡದ ಹಣ್ಣು ಚೀಲದಲ್ಲಿ ತುಂಬಿಕೊಂಡು ಹೇಳದೆ ಕೇಳದೆ ಬಸ್ಸು ಹತ್ತಿದ್ದ. ತೆರೆದ ಬಾಗಿಲಲ್ಲಿ ನಿಂತು ನೋಡಿದರೆ ಎದುರಿಗೆ ಅಕ್ಕ, ಪೆನ್ಸಿಲಿನಲ್ಲಿ, ಮಲ್ಲಿಗೆ ಸಮೇತ. ಸೀತಾಫಲಗಳು ಉರುಳುವ ಸದ್ದಿನ ಹಿಂದೆಯೇ ಅವನ ಅಳು ಕೇಳಿ ನಾನು ಹೊರಗೆ ಓಡಿ ಬಂದೆ. ನೆಲದ ಮೇಲೆ ಕೂತು, ಕೆಂಪು ಧೂಳಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಅಕ್ಕನ ಒಂದೊಂದೇ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಿದ್ದ. ನನ್ನನ್ನು ಕಂಡದ್ದೇ ಅಳು ಸಿಟ್ಟಾಯಿತು. ಇರುವುದೊಬ್ಬ ತಮ್ಮ, ಒಂದು ಫೋನ್ ಮಾಡಲು ನಿನಗೇನು ಧಾಡಿಯಾಗಿತ್ತು, ಮಣ್ಣಿಗೂ ಕರೆಯದಷ್ಟು ದೂರದವನಾದೆನೇ ಎಂದು ನನ್ನ ಅಂಗಿಯ ಕಾಲರ್ ಹಿಡಿದ. ನಾನು ಬಾಯಿ ತೆರೆಯುವುದರೊಳಗೆ ಅವ್ವ ತಲೆಗೆ ಟವೆಲ್ ಸುತ್ತಿಕೊಂಡು ಒಳಗಿನಿಂದ ಬಂದಳು.

"ಯಾರ್ ಸತ್ರೋ?" ಎಂದಳು.

ಮಾವ ನನ್ನ ಮೇಲೆ ಮುನಿಸಿಕೊಂಡು ಮಂಚ ಹಿಡಿದ. ಅವ್ವನಿಗೋ ಹಬ್ಬ. ತಮ್ಮ ತನ್ನನ್ನು ಯಾವ ಯಾವ ಮಾತಿನಲ್ಲಿ ಹಾಡಿಕೊಂಡು ಅತ್ತ ಎಂದು ಸೊಸೆಯಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಇದ್ದಾಗ ಒಂದು ದಿನವೂ ಹೊರಬರದ ಹೊಗಳಿಕೆಯೆಲ್ಲ ಪುಕ್ಕಟೆ ಸಿಕ್ಕಿತ್ತು. ಚಹಾ ಕೊಡುವಾಗ, ಇನ್ನೇನಾದರೂ ಹೇಳುವುದು ಉಳಿದಿದ್ದರೆ ಈಗಲೇ ಹೇಳಿಬಿಡು ಎಂದು ಅವನನ್ನು ಕಾಡಿಸಿದಳು ಕೂಡ. ಇದೆಲ್ಲ ಮುಗಿದ ಮೇಲೆ ಕುರ್ಚಿಯ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು ಚಿತ್ರ ನೋಡಿದಳು. ನಾನು ಮೆಚ್ಚುಗೆಗೆ ಕಾದು ನಿಂತೆ.

"ಇದು ನಮ್ಮತ್ತಿ," ಎಂದಳು.

ನಾನು ಹಂಪಿಯಲ್ಲಿ ಕಲಿತದ್ದನ್ನೆಲ್ಲ ಅವಳ ಮುಂದೆ ಸುರಿದೆ. ಗೆರೆಯಲ್ಲೇ ಬದುಕಿದೆ, ಹೊರದೇಶದವರು ಇದಕ್ಕೇ ಮನಸೋಲುತ್ತಾರೆ, ಇದು ಕಲೆ. ಅವ್ವ ತಾಳ್ಮೆಯಿಂದಲೇ ಕೇಳಿಸಿಕೊಂಡಳು. ಹೊರದೇಶದವರು ನಾಳೆ ಅವರ ಊರಿಗೆ ಹೋಗುತ್ತಾರೆ, ಈ ಗೋಡೆಯ ಮೇಲೆ ಇರಬೇಕಾದವಳು ನಾನು ಎಂದಳು. ಆಮೇಲೆ ಗೋಡೆಯ ಮೇಲಿದ್ದ ಅಪ್ಪನ ಕಡೆ ಕೈ ಮಾಡಿದಳು. ಅಪ್ಪ ತೀರಿಕೊಂಡಾಗ ನಾನೇ ಬರೆದದ್ದು. ಮಗನ ಭಕ್ತಿಯಲ್ಲಿ ಬತ್ತಿಯನ್ನು ಧಾರಾಳವಾಗಿ ಆಡಿಸಿದ್ದೆ. ನನ್ನ ತಲೆ ಈಗ ನರೆತಿದೆ, ಅಪ್ಪನದು ನರೆತಿಲ್ಲ.

"ನಿಮ್ಮಪ್ಪನ್ನ ನೋಡಲ್ಲಿ. ಹೊಸಾ ಅಳಿಯ ಬಂದಂಗ ಕುಂತಾರ. ಬಾಜೂಕ ಇದನ್ನ ಹಾಕಿದ್ರ, ನೋಡಿದವ್ರು ಅವರವ್ವ ಅಂತಾರ. ಎಲ್ಲಾರ ಮುಖಕ್ಕೂ ಬತ್ತಿ ಆಡಿಸ್ತಿ, ನನ್ನ ಮುಖ ಏನು ಮಾಡಿತ್ತು ನಿನಗ?"

ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಗೆ ನನ್ನ ಕಲೆ ಮುಗಿಯಿತು. ಆಯ್ತವ್ವ, ಇದಕ್ಕೇ ಬತ್ತಿ ಆಡಿಸುತ್ತೇನೆ, ಅಪ್ಪನ ಜೋಡಿಗೆ ಸರಿಯಾಗಿ ಕೂರುವಂತೆ ಮಾಡಿಕೊಡುತ್ತೇನೆ ಎಂದು ಕಪಾಟಿನಿಂದ ಡಬ್ಬಿ ತಂದೆ. ಅವ್ವ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಸ್ವಲ್ಪ ನಾಚಿಕೆಯಿಂದ, ತಾನು ಮದುವೆಯಾಗಿ ಬಂದಾಗ ಹೇಗಿದ್ದಳೋ ಹಾಗೆ ಬೇರೆಯದೊಂದು ಬರೆಯಲು ಬರುತ್ತದೆಯೇ ಎಂದು ಕೇಳಿದಳು. ಅವಳು ನೋಡಬೇಕಂತೆ.

ಆಗ ನನಗೆ ತಿಳಿಯಿತು. ಅವ್ವ ತನ್ನ ಹರೆಯದ ಮುಖವನ್ನು ನೋಡಿಯೇ ಇರಲಿಲ್ಲ. ಮದುವೆಗೆ ಫೋಟೊದವನನ್ನು ಕರೆಸಿರಲಿಲ್ಲ. ಆಮೇಲೆ ಯಾರದೋ ಮದುವೆಯಲ್ಲಿ ತೆಗೆದದ್ದೊಂದು ಇತ್ತು, ಅದರಲ್ಲಿ ಅವಳು ಬಗ್ಗಿ ಬಡಿಸುತ್ತಿದ್ದಾಳೆ, ಕಾಣುವುದು ಬೆನ್ನು ಮತ್ತು ಅನ್ನದ ಬುಟ್ಟಿ. ತವರಿನಲ್ಲಿ ಕನ್ನಡಿ ಇರಲಿಲ್ಲ. ಗಂಡನ ಮನೆಯಲ್ಲಿತ್ತು, ಆದರೆ ಅದನ್ನು ಗಂಡಸರು ಗಡ್ಡ ಹೆರೆದುಕೊಳ್ಳುವ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದರು. ಕುಳ್ಳಗಿದ್ದ ಅವ್ವ ತುದಿಗಾಲಲ್ಲಿ ನಿಂತರೆ ಬೈತಲೆ, ಹಣೆ, ಹೆಚ್ಚೆಂದರೆ ಹುಬ್ಬು ಕಾಣುತ್ತಿತ್ತು. ಕುಂಕುಮ ಇಟ್ಟುಕೊಳ್ಳಲು ಅಷ್ಟು ಸಾಕೆಂದು ಎಲ್ಲರ ಲೆಕ್ಕ. ಕೆಳಗಿಳಿಸಿ ಹಾಕಿ ಎಂದು ಕೇಳುವುದು ಸೊಸೆಯಾದವಳಿಗೆ ಹೊಳೆಯುವ ಮಾತಲ್ಲ. ಗದ್ದೆಯ ನೀರಲ್ಲಿ ಕಂಡಿರಬೇಕಲ್ಲ ಎಂದೆ. ನಾಟಿ ಗದ್ದೆಯ ಕೆಸರಿನಲ್ಲಿ ಮುಖ ಹುಡುಕುತ್ತ ನಿಂತರೆ ಸಾಲು ಯಾರು ಮುಗಿಸುತ್ತಿದ್ದರು ಎಂದು ನನಗೇ ತಿರುಗಿ ಕೇಳಿದಳು. ತನ್ನ ಇಡೀ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಹೊಸಪೇಟೆಗೆ ಬಂದ ಮೇಲೆ, ನಮ್ಮ ಅಲ್ಮೇರಾದ ಕನ್ನಡಿಯಲ್ಲಿ. ಅಷ್ಟರಲ್ಲಿ ಅದು ಅವಳ ಅತ್ತೆಯ ಮುಖವಾಗಿತ್ತು.

ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಊರಿನವರ ಅಜ್ಜಿಯಂದಿರನ್ನೆಲ್ಲ ಮದುವಣಗಿತ್ತಿ ಮಾಡಿ ಕಳಿಸಿದವನು ನಾನು, ಅವರಲ್ಲಿ ಒಬ್ಬರಾದರೂ ಅದನ್ನು ನೋಡಿಕೊಳ್ಳಲು ಉಳಿದಿರಲಿಲ್ಲ. ನೋಡುತ್ತೇನೆ ಎಂದು ಕೇಳುವವಳು ಇವಳೊಬ್ಬಳೇ. ಹೊಸ ಹಾಳೆ ಬೋರ್ಡಿಗೆ ಸಿಕ್ಕಿಸಿದೆ.

ಅವ್ವ ನನ್ನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಹಣೆಯ ವಿಷಯದಲ್ಲಿ ಅವಳಷ್ಟು ಖಚಿತವಾಗಿ ಹೇಳಿದ ಗಿರಾಕಿಯನ್ನು ನಾನು ಕಂಡಿಲ್ಲ. ಕೂದಲು ಎಲ್ಲಿ ಸುಳಿ ತಿರುಗುತ್ತಿತ್ತು, ಎಡ ಹುಬ್ಬು ಎಲ್ಲಿ ಮುರಿಯುತ್ತಿತ್ತು, ಎಲ್ಲ ಬೆರಳಿಟ್ಟು ತೋರಿಸಿದಳು. ಹುಬ್ಬಿನಿಂದ ಕೆಳಕ್ಕೆ ಬಂದಾಗ ಬೆರಳು ನಿಂತುಬಿಟ್ಟಿತು. ಅವಳನ್ನು ಆಗ ನೋಡಿದವರಲ್ಲಿ ಬದುಕಿರುವವನು ಮಾವನೊಬ್ಬನೇ. ಮಂಚದ ಮೇಲೆ ಮುನಿಸಿಕೊಂಡು ಮಲಗಿದ್ದವನನ್ನು ಎಬ್ಬಿಸಿ ಸಾಕ್ಷಿಗೆ ಕರೆದೆವು. ಕೆನ್ನೆ ಹೇಗಿತ್ತು, ತುಂಬಿತ್ತೋ ಇಳಿದಿತ್ತೋ? ಮೂಗು ಈಗಿನಷ್ಟೇ ಇತ್ತೋ? ಮಾವ ಕಣ್ಣು ಮುಚ್ಚಿ ಬಹಳ ಯೋಚನೆ ಮಾಡಿದ. ಗದ್ದೆಯಿಂದ ಬರುವಾಗ ಅಕ್ಕ ಸೆರಗಿನಲ್ಲಿ ಏನಾದರೊಂದು ತರುತ್ತಿದ್ದಳು, ಹಸಿ ಕಡಲೆಯೋ ಪೇರಲೆಯೋ. ತಾನು ಓಡಿಹೋಗಿ ಅದನ್ನು ನೋಡುತ್ತಿದ್ದೆ ಎಂದ.

"ಮುಖ ಯಾರ್ ನೋಡಿದ್ರಕ್ಕ," ಎಂದು ಸಣ್ಣ ದನಿಯಲ್ಲಿ ಹೇಳಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ.

ಉಳಿದದ್ದನ್ನು ನಾನೇ ಮಾಡಿದೆ. ಹುಬ್ಬಿನ ಕೆಳಗಿನದು ನಿಜವೆಂದು ಪ್ರಮಾಣ ಮಾಡಲಾರೆ. ಅವಳ ಈಗಿನ ಕೆನ್ನೆಯ ಮೂಳೆಯನ್ನು ನೋಡಿ ಅಂದಾಜು ಮಾಡಿದೆ, ಗದ್ದವನ್ನು ನನ್ನ ಮಗಳಿಂದ ಎರವಲು ತಂದೆ. ಕಣ್ಣು ಮಾತ್ರ ಅವಳದೇ, ಅದು ಬದಲಾಗಿರಲಿಲ್ಲ. ಅವತ್ತು ಹಳೆಯ ಬತ್ತಿಗಳನ್ನು ಮುಟ್ಟಲಿಲ್ಲ. ಊರವರ ಮೀಸೆ ತುರುಬುಗಳ ಪುಡಿ ಈ ಮುಖಕ್ಕೆ ಬೇಡವೆನಿಸಿ ಹೊಸದನ್ನೇ ಸುತ್ತಿಕೊಂಡೆ. ಜಾತಿ ಮತ ಬೆರೆಸಿ ಮೆರೆದವನ ಹಣೆಬರಹ, ತನ್ನ ಅವ್ವನ ವಿಷಯಕ್ಕೆ ಬಂದಾಗ ಮಡಿ ನೆನಪಾಯಿತು. ಕೆನ್ನೆಯ ಮೇಲೆ ಬತ್ತಿ ಆಡುವಾಗ ಅವ್ವ ಹತ್ತಿರಕ್ಕೆ ಬಗ್ಗಿ ನೋಡುತ್ತಿದ್ದಳು. ನಡುವೆ ಒಂದೆರಡು ಸಲ ತನ್ನ ಕೆನ್ನೆಯನ್ನು ತಾನೇ ಸವರಿಕೊಂಡಳು.

ಮುಗಿದಾಗ ಬೋರ್ಡನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ನಾನು ತಮಾಷೆಗೆಂದು, ಹೇಗಿದ್ದಾಳೆ ಹುಡುಗಿ, ಒಪ್ಪಿಗೆಯೋ ಎಂದು ಕೇಳಿದೆ. ಅಡುಗೆಮನೆಯಿಂದ ಹೆಂಡತಿ ಬಂದು ನೋಡಿದಳು, ಮಾವನೂ ಎದ್ದು ಬಂದು ಹಿಂದೆ ನಿಂತ. ಹೌದಕ್ಕ, ಇದೇ ನೀನು, ಈಗ ನೆನಪಾಯಿತು ಎಂದ. ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಜೀವನದಲ್ಲಿ ಅವನ ಮೇಲೆ ನನಗೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

"ಚಂದ ಇದ್ನಲ್ಲೋ ನಾನು," ಎಂದಳು ಅವ್ವ. "ಒಬ್ಬರಾದ್ರೂ ಹೇಳಬಾರ್ದಿತ್ತಾ?"

ಎರಡನೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಮುಂದೆ ಅಪ್ಪನ ಜೋಡಿ ಮಾಡೋಣ, ಈಗ ವಯಸ್ಸು ಸರಿಯಾಗಿ ಹೊಂದುತ್ತದೆ ಎಂದು ನಾನೇ ಏನೋ ಒದರಿದೆ. ಅವ್ವ ತಲೆಯೆತ್ತಿ ಗೋಡೆಯ ಮೇಲಿದ್ದ ಅಪ್ಪನನ್ನು ನೋಡಿದಳು, ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ. ಆಮೇಲೆ ತೊಡೆಯ ಮೇಲಿದ್ದ ಬೋರ್ಡನ್ನು ತನ್ನ ಕಡೆಗೆ ತಿರುಗಿಸಿ ಎದೆಗೆ ಒರಗಿಸಿಕೊಂಡಳು.

"ಅವರ ಬಾಜೂಕ ಆ ಮುದುಕೀನ್ನ ಹಾಕ್ರಿ. ಇಕೀನ್ನ ಅವರಿಗೆ ಕೊಡಬ್ಯಾಡ್ರಿ."